ಮಾಡು ಮಡಚುವ ಕಾರು, ಮಳೆ ಸುರಿಯುವ ಕರಾವಳಿ

ಗುಂಡಿ ಒತ್ತಿದರೆ ತಾನಾಗಿ ಬಿಚ್ಚಿಕೊಂಡು, ಮಡಚಿಕೊಂಡು, ಹಿಂಬದಿಯ ಗೂಡಿನೊಳಗೆ ಅಡಗಿ ಕೂರುವ ಬಟ್ಟೆಯ ಟಾಪ್ ಕನ್ವರ್ಟಿಬಲ್ ಕಾರಿನ ಮುಖ್ಯ ಆಕರ್ಷಣೆ. ಇಡೀ ಕಾರಿನಲ್ಲಿ ಚಲಿಸುವ ಅತಿ ದೊಡ್ಡ ಭಾಗವೂ ಅದೇ. ಬಾಗಿಲನ್ನು ಕೈಯಲ್ಲಿ ದೂಡುವಾಗ ನಡುವೆ ಏನಾದರೂ ಸಿಕ್ಕಿಕೊಂಡರೆ ಕೈಗೆ ಕೂಡಲೇ ತಿಳಿಯುತ್ತದೆ. ಟಾಪನ್ನು ದೂಡುವುದು ಮೋಟಾರು ಮತ್ತು ಪಂಪು. ಅಡ್ಡ ಬಂದದ್ದು ರಬ್ಬರ್ ಪಟ್ಟಿಯೋ ಮಗುವಿನ ಬೆರಳೋ ಎಂಬುದು ಅವಕ್ಕೆ ಗೊತ್ತಾಗುವುದಿಲ್ಲ. ಕಿಟಕಿಯ ಗಾಜಿಗೆ ಏನಾದರೂ ಅಡ್ಡ ಸಿಕ್ಕರೆ ಅದು ಹಿಂದೆ ಸರಿಯುವ ವ್ಯವಸ್ಥೆ ಈಗ ಸಾಮಾನ್ಯ. ಆದರೆ ಟಾಪಿಗೆ ಅಂಥ ವ್ಯವಸ್ಥೆ ಇಲ್ಲದ ಕಾರುಗಳು ಹಲವು. ಹಾಗಾಗಿ ಮಾಡು ತೆರೆದು ಓಡಾಡುವ ಹೊತ್ತಿಗಿಂತ, ಮಾಡು ಅತ್ತಿಂದಿತ್ತ ಸರಿಯುವ ಆ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಹೆಚ್ಚು ಎಚ್ಚರ ಬೇಕು.

ಉಡುಪಿ ಜಿಲ್ಲೆಯ ತೆಕ್ಕಟ್ಟೆಯ ಕಡೆ ಈ ಬಗೆಯ ಕಾರು ಅಪರೂಪ. ಬೆಂಗಳೂರು, ಮುಂಬಯಿಗಳಲ್ಲಿ ಹೋಟೆಲು ನಡೆಸುವ ಮನೆಗಳವರು ಹಬ್ಬಕ್ಕೋ ಮದುವೆಗೋ ಊರಿಗೆ ಬಂದಾಗ ಕೋಟ, ತೆಕ್ಕಟ್ಟೆ, ಕುಂಭಾಶಿ, ಕೋಟೇಶ್ವರಗಳನ್ನು ಪೋಣಿಸಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಂದೋ ಎರಡೋ ಕಾಣಿಸಬಹುದು. ಅಪರೂಪವಾದರೂ ಅದನ್ನು ಸರಿಯಾಗಿ ಬಳಸುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಬೇರೆ ಊರುಗಳಿಗಿಂತ ಹೆಚ್ಚು ಗಡುಸು. ಉಡುಪಿ ಜಿಲ್ಲೆಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಪಡುವಣದಲ್ಲಿ ಮೋಡ ಕಪ್ಪಿಟ್ಟದ್ದು ಕಣ್ಣಿಗೆ ಬೀಳುವುದಕ್ಕೂ ಹನಿ ಬೀಳುವುದಕ್ಕೂ ನಡುವೆ ಕೆಲವೊಮ್ಮೆ ಐದು ನಿಮಿಷವೂ ಸಿಗುವುದಿಲ್ಲ. ಆಗ ಚಾಲಕನಿಗೆ ಗಡಿಬಿಡಿ. ಟಾಪಿನ ತೊಂದರೆಗಳಲ್ಲಿ ಬಹಳಷ್ಟು ಹುಟ್ಟುವುದು ಈ ಗಡಿಬಿಡಿಯಲ್ಲೇ.

ಬಟ್ಟೆಯ ಮಾಡಿನ ವಾಹನ ಈ ಭಾಗಕ್ಕೆ ಹೊಸದಲ್ಲ. ಕೊಲ್ಲೂರಿನಿಂದ ಕೊಡಚಾದ್ರಿಗೆ ಜನರನ್ನು ಏರಿಸಿಕೊಂಡು ಹೋಗುವ ಜೀಪುಗಳ ಹುಡ್, ಆಟೋರಿಕ್ಷಾದ ರೆಕ್ಸಿನ್ ಹೊದಿಕೆ ಎಲ್ಲರಿಗೂ ಪರಿಚಿತ. ಮೋಟಾರು ಕಾರಿನ ಮೊದಲ ದಿನಗಳಲ್ಲಿ ಮುಚ್ಚಿದ ಕಾರೇ ಅಪರೂಪವಾಗಿತ್ತು. ಮುಚ್ಚಿದ ಕಾರು ಎಲ್ಲರಿಗೂ ಎಟುಕಿದ್ದು 1920ರ ದಶಕ ಕಳೆಯುವಾಗ. ತಾನಾಗಿ ಸರಿಯುವ ಮಾಡು ಬಂದದ್ದು ಆಮೇಲೆ. ಫ್ರಾನ್ಸಿನಲ್ಲಿ ಜಾರ್ಜ್ ಪೋಲಾಂ ಎಂಬ ವಿನ್ಯಾಸಕಾರ ರೂಪಿಸಿದ, ಗಟ್ಟಿ ಮಾಡೇ ಹಿಂದಕ್ಕೆ ಸರಿದು ಅಡಗುವ ವ್ಯವಸ್ಥೆಯನ್ನು ಪೇಜೋ ಕಂಪನಿ 1934ರಲ್ಲಿ ತನ್ನ ಕಾರಿಗೆ ಅಳವಡಿಸಿತು. ಬಟ್ಟೆಯ ಮಾಡಿಗೆ ಯಂತ್ರಬಲ ಸಿಕ್ಕಿದ್ದು 1939ರಲ್ಲಿ, ಅಮೆರಿಕದ ಪ್ಲಿಮತ್ ಕಾರಿನಲ್ಲಿ. ಎಂಜಿನ್ನಿನ ನಿರ್ವಾತದ ಎಳೆತವೇ ಅದನ್ನು ಎತ್ತುತ್ತಿತ್ತು. ಕರ್ನಾಟಕದ ಹೆಸರೂ ಈ ಕಥೆಯಲ್ಲಿ ಒಂದು ಕಡೆ ಬರುತ್ತದೆ. ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ತೆರೆದ ಕಾರನ್ನು ಮಾರುಕಟ್ಟೆಗೆ ತಂದಿತ್ತು. ಅದು ಹೆಚ್ಚು ಓಡಲಿಲ್ಲ. ಈಗ ಭಾರತದ ರಸ್ತೆಯಲ್ಲಿ ಕಾಣಸಿಗುವ ವಿದ್ಯುತ್ ಟಾಪ್‌ನ ಕಾರುಗಳಲ್ಲಿ ಮಿನಿ ಕೂಪರ್ ಕನ್ವರ್ಟಿಬಲ್, ಬಿಎಂಡಬ್ಲ್ಯು ಝಡ್4, ಮರ್ಸಿಡಿಸ್‌ನ ಕ್ಯಾಬ್ರಿಯೋಲೆಗಳು, 2014ರ ಕೊನೆಗೆ ಬಂದ ಆಡಿ ಎ3 ಕ್ಯಾಬ್ರಿಯೋಲೆ ಮುಖ್ಯವಾದವು. ಮಹೀಂದ್ರ ಥಾರ್‌ನ ಟಾಪ್ ಕೈಯಿಂದ ಮಡಚುವಂಥದ್ದು; ಅದರ ಮಾತು ಬೇರೆ.

ಟಾಪಿನ ಒಳರಚನೆ ತಿಳಿದರೆ ಕಂಪನಿಯ ಕೈಪಿಡಿಯ ಎಚ್ಚರಿಕೆಗಳಿಗೆ ಕಾರಣವೂ ತಿಳಿಯುತ್ತದೆ. ಕೊಡೆಯ ಕಡ್ಡಿಗಳ ಹಾಗೆ ಕೀಲುಗಳಲ್ಲಿ ಮಡಚುವ ಲೋಹದ ಬಿಲ್ಲುಗಳು ಅದರ ಅಸ್ಥಿಪಂಜರ. ಮೇಲಿನ ಬಟ್ಟೆ ಒಂದೇ ಪದರದ್ದಲ್ಲ. ಒಳ್ಳೆಯ ಟಾಪಿನಲ್ಲಿ ಹೊರಗೆ ಬಿಸಿಲು ತಡೆಯುವ ಅಕ್ರಿಲಿಕ್ ನೂಲಿನ ನೇಯ್ಗೆ, ನಡುವೆ ನೀರು ಬಿಡದ ರಬ್ಬರ್, ಒಳಗೆ ಪಾಲಿಯೆಸ್ಟರಿನ ಅಸ್ತರಿ ಹೀಗೆ ಮೂರು ಪದರ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹಿಂಬದಿಯ ಕಿಟಕಿ ಹೊಸ ಕಾರುಗಳಲ್ಲಿ ಗಾಜಿನದು, ಹಳೆಯವುಗಳಲ್ಲಿ ಬಗ್ಗುವ ಪ್ಲಾಸ್ಟಿಕ್ಕಿನದು. ಬಹಳಷ್ಟು ಕಾರುಗಳಲ್ಲಿ ವಿದ್ಯುತ್ ಮೋಟಾರಿನಿಂದ ನಡೆಯುವ ಒಂದು ಪಂಪು ಎಣ್ಣೆಯನ್ನು ಹೆಚ್ಚಿನ ಒತ್ತಡದಲ್ಲಿ ಸಿಲಿಂಡರುಗಳಿಗೆ ನೂಕುತ್ತದೆ. ಸಿಲಿಂಡರಿನ ದಂಡಗಳು ಬಿಲ್ಲುಗಳನ್ನು ಎತ್ತಿ ಮಡಚುತ್ತವೆ. ಇನ್ನು ಕೆಲವುಗಳಲ್ಲಿ ಎಣ್ಣೆಯಿಲ್ಲದೆ ಮೋಟಾರುಗಳೇ ಆ ಕೆಲಸ ಮಾಡುತ್ತವೆ. ಮುಂದಿನ ಗಾಜಿನ ಚೌಕಟ್ಟಿಗೆ ಟಾಪನ್ನು ಕಚ್ಚಿಸುವ ಕೊಂಡಿಗಳು, ಗೂಡಿನ ಮುಚ್ಚಳ, ಕಿಟಕಿ ಗಾಜುಗಳು ಇವೆಲ್ಲ ಒಂದಾದ ಮೇಲೊಂದು ಸರಿಯಬೇಕು. ಯಾವುದು ಎಲ್ಲಿದೆ ಎಂದು ಹೇಳಲು ಅಲ್ಲಲ್ಲಿ ಸೆನ್ಸರುಗಳಿವೆ. ಒಂದು ಸೆನ್ಸರ್ ಸುಮ್ಮನಾದರೂ ಇಡೀ ಸಾಲು ಅಲ್ಲಿಗೇ ನಿಲ್ಲುತ್ತದೆ. ಟಾಪ್ ಕೆಟ್ಟಿತು ಎಂದು ಗಾಬರಿಯಾಗುವ ಸಂದರ್ಭಗಳಲ್ಲಿ ಕೆಲವು ನಿಜವಾಗಿ ಕೆಟ್ಟದ್ದಲ್ಲ. ಡಿಕ್ಕಿಯೊಳಗಿನ ತಡೆಪರದೆ ಇಳಿದಿಲ್ಲ, ಅಷ್ಟೆ.

ಆ ತಡೆಪರದೆಯೇ ಮೊದಲು ನೋಡಬೇಕಾದ ಸಂಗತಿ. ಮಡಚಿದ ಟಾಪ್ ಡಿಕ್ಕಿಯ ಮೇಲ್ಭಾಗದ ಜಾಗವನ್ನು ಆಕ್ರಮಿಸುವ ಕಾರುಗಳಲ್ಲಿ, ಸಾಮಾನು ಅಲ್ಲಿಗೆ ಏರದಂತೆ ಒಂದು ಅಡ್ಡಪಟ್ಟಿ ಅಥವಾ ಪರದೆ ಇರುತ್ತದೆ. ಅದು ತನ್ನ ಜಾಗದಲ್ಲಿ ಇಲ್ಲದಿದ್ದರೆ ಟಾಪ್ ಅಲುಗುವುದಿಲ್ಲ. ಪರದೆ ಇಳಿಸಿ ಅದರ ಮೇಲೆಯೇ ಚೀಲವೊಂದನ್ನು ತುರುಕಿದರೆ ಇನ್ನೂ ಕೆಟ್ಟದ್ದು. ಸೆನ್ಸರಿಗೆ ಚೀಲ ಕಾಣುವುದಿಲ್ಲ. ಊರಿನಿಂದ ಹೊರಡುವಾಗ ಡಿಕ್ಕಿ ತುಂಬ ತೆಂಗಿನಕಾಯಿ, ಕುಚ್ಚಲಕ್ಕಿ, ಉಪ್ಪಿನಕಾಯಿ ಭರಣಿ ಹೇರಿ ಕಳಿಸುವುದು ಈ ಕಡೆಯ ಪ್ರೀತಿ. ಅಂಥ ಪ್ರೀತಿ ತುಂಬಿದ ಡಿಕ್ಕಿಯ ಮೇಲೆ ಟಾಪ್ ಮಡಚಿದರೆ ಹಿಂಬದಿಯ ಗಾಜು ಒಡೆಯುವುದು, ಬಿಲ್ಲು ಸೊಟ್ಟಗಾಗುವುದು ಎರಡಕ್ಕೂ ಅವಕಾಶವಿದೆ. ತುಂಬು ಸಾಮಾನಿದ್ದ ದಿನ ಟಾಪ್ ಮುಚ್ಚಿಯೇ ಇರಬೇಕು. ಟಾಪ್ ಕೂರುವ ಗೂಡಿನೊಳಗೂ ಏನೂ ಇಡಬಾರದು. ಒದ್ದೆ ಟವೆಲು, ನೀರಿನ ಬಾಟಲಿ, ಕೊಡೆ ಯಾವುದೂ.

ಎರಡನೆಯದು ಮೇಲಿನ ಜಾಗ. ಮುಚ್ಚಿದ ಟಾಪಿನ ಎತ್ತರವನ್ನು ನೋಡಿ ಇಷ್ಟು ಸಾಕು ಎಂದುಕೊಳ್ಳುವಂತಿಲ್ಲ. ಸರಿಯುವಾಗ ಬಿಲ್ಲುಗಳು ಕಾರಿನ ನೆತ್ತಿಗಿಂತ ಬಹಳ ಮೇಲಕ್ಕೆ ಏಳುತ್ತವೆ. ಗೂಡಿನ ಮುಚ್ಚಳ ಕೆಲವು ಕಾರುಗಳಲ್ಲಿ ಹಿಂದಕ್ಕೂ ಚಾಚುತ್ತದೆ. ಹಂಚಿನ ಮನೆಯ ಇಳಿಜಾರು ಸೂರಿನ ಕೆಳಗೆ, ಅಂಗಳಕ್ಕೆ ಹಾಕಿದ ಅಡಕೆ ಮರದ ಚಪ್ಪರದ ಅಡಿಯಲ್ಲಿ, ಮದುವೆ ಹಾಲಿನ ತೋರಣದ ಕೆಳಗೆ ಗುಂಡಿ ಒತ್ತಿದರೆ ಬಟ್ಟೆ ಹರಿಯುತ್ತದೆ. ಹಿಂದೆ ಗೋಡೆ ಇದ್ದರೂ ಅಷ್ಟೆ. ಇಲ್ಲಿಯ ಹಿತ್ತಲು ಅಂಗಳಗಳಿಗೆ ಮಾತ್ರ ಅನ್ವಯಿಸುವ ಇನ್ನೊಂದು ಮಾತನ್ನು ಜರ್ಮನಿಯ ಕೈಪಿಡಿ ಹೇಳುವುದಿಲ್ಲ. ತೆಂಗಿನ ಮರದ ಬುಡದಲ್ಲಿ ಈ ಕಾರನ್ನು ನಿಲ್ಲಿಸಲೇಬಾರದು. ಒಣಗಿದ ಕಾಯಿ ಬಿದ್ದರೆ ತಗಡಿನ ಮಾಡು ತಗ್ಗಾಗಿ ಉಳಿದೀತು. ಬಟ್ಟೆಯ ಮಾಡಿನ ಕೆಳಗೆ ಕೂತವರ ತಲೆಗೆ ಅಂಥ ರಕ್ಷಣೆಯಿಲ್ಲ. ಮಾವು, ಹಲಸಿನ ಮರದ ಸೊನೆ ಬಟ್ಟೆಗೆ ಹಿಡಿದರೆ ತೆಗೆಯುವುದೂ ಕಷ್ಟ.

ಮೂರನೆಯದು ನೆಲ. ಒಂದು ಚಕ್ರ ಮಣ್ಣಿನ ದಿಬ್ಬದ ಮೇಲೆ, ಇನ್ನೊಂದು ಹೊಂಡದಲ್ಲಿ ಇದ್ದರೆ ಕಾರಿನ ಚೌಕಟ್ಟು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಗಟ್ಟಿ ಮಾಡು ಇಲ್ಲದ ಕಾರಿನಲ್ಲಿ ತಿರುಚು ಇನ್ನಷ್ಟು. ಕೊಂಡಿ ಕಚ್ಚಬೇಕಾದ ಜಾಗಕ್ಕೆ ಸರಿಯಾಗಿ ಬಾರದೆ ಹೋಗಲು ಅಷ್ಟು ಸಾಕು. ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಏರುವಾಗ, ಅಥವಾ ಕೊಲ್ಲೂರಿನಿಂದ ನಾಗೋಡಿಯ ಕಡೆ ಹತ್ತುವಾಗ ಕಾಡಿನ ತಂಪಿಗೆ ಟಾಪ್ ತೆರೆಯುವ ಆಸೆಯಾದರೆ, ಅದನ್ನು ಘಾಟಿ ಶುರುವಾಗುವ ಮೊದಲೇ ಸಮತಟ್ಟಿನಲ್ಲಿ ತೆರೆದುಕೊಳ್ಳುವುದು ಲೇಸು. ತಿರುವಿನಲ್ಲಿ, ಇಳಿಜಾರಿನಲ್ಲಿ ನಿಲ್ಲಿಸಿ ತೆರೆಯುವುದು ಯಂತ್ರಕ್ಕೂ ಒಳ್ಳೆಯದಲ್ಲ, ಹಿಂದಿನಿಂದ ಬರುವ ಬಸ್ಸಿಗೂ ಒಳ್ಳೆಯದಲ್ಲ.

ಇನ್ನು ಕೈಬೆರಳು. ಟಾಪ್ ಮುಚ್ಚುವಾಗ ಅದರ ಮುಂದಿನ ಅಂಚು ಗಾಜಿನ ಚೌಕಟ್ಟಿನ ಮೇಲೆ ಕೂರುವ ಜಾಗ, ಪಕ್ಕದ ಬಿಲ್ಲುಗಳ ಕೀಲು, ಹಿಂದಿನ ಗೂಡಿನ ಮುಚ್ಚಳ ಈ ಮೂರು ಕಡೆ ಬೆರಳು ಸಿಕ್ಕಿಕೊಳ್ಳುವ ಅಪಾಯ. ಹಿಂದಿನ ಸೀಟಿನ ಮಕ್ಕಳು ಕೀಲುಗಳಿಗೆ ಬಹಳ ಹತ್ತಿರ ಇರುತ್ತಾರೆ. ಮಾಡು ಹೋಗುವುದನ್ನು ನೋಡಲು ಎದ್ದು ನಿಲ್ಲುವುದು, ಕೈ ಎತ್ತುವುದು ಅವರಿಗೆ ಸಹಜ. ಟಾಪ್ ಸರಿಯುವಾಗ ಮಕ್ಕಳು ಬೆಲ್ಟ್ ಹಾಕಿ, ಕೈಯನ್ನು ಮಡಿಲಿನಲ್ಲಿ ಇಟ್ಟುಕೊಂಡು ಕೂತಿರಬೇಕು, ಅಥವಾ ಕಾರಿನಿಂದ ಇಳಿದು ದೂರ ನಿಂತಿರಬೇಕು. ಹೆಚ್ಚಿನ ಕಾರುಗಳಲ್ಲಿ ಗುಂಡಿಯನ್ನು ಕೊನೆಯವರೆಗೂ ಒತ್ತಿ ಹಿಡಿಯಬೇಕು, ಬಿಟ್ಟ ಕೂಡಲೇ ಟಾಪ್ ನಿಲ್ಲುತ್ತದೆ. ಇದು ತಯಾರಕರು ಬೇಕೆಂದೇ ಇಟ್ಟ ರಕ್ಷಣೆ. ಅದಕ್ಕೆ ಅರ್ಥ ಬರಬೇಕಾದರೆ ಗುಂಡಿಯ ಮೇಲೆ ಬೆರಳಿಟ್ಟವರ ಕಣ್ಣು ಮೊಬೈಲಿನ ಮೇಲಿರದೆ ಟಾಪಿನ ಮೇಲಿರಬೇಕು. ಯಾರಾದರೂ ಕೂಗಿದರೆ ಮೊದಲು ಬೆರಳು ಎತ್ತಬೇಕು, ಆಮೇಲೆ ಏನೆಂದು ಕೇಳಬೇಕು. ಕೆಲವು ಮಾದರಿಗಳಲ್ಲಿ ಕೀಲಿಕೈಯ ಗುಂಡಿಯಿಂದ ದೂರ ನಿಂತೂ ಟಾಪ್ ತೆರೆಯಬಹುದು. ಜಾತ್ರೆಯ ಜನರ ನಡುವೆ ಇದನ್ನು ತೋರಿಸಿ ಮೆರೆಯುವುದು ಚಂದವೇ, ಆದರೆ ಕಾರಿನ ಆಚೆ ಬದಿಯಲ್ಲಿ ಕುತೂಹಲಕ್ಕೆ ಕೈ ಇಟ್ಟು ನಿಂತವರು ಈಚೆ ನಿಂತವರಿಗೆ ಕಾಣುವುದಿಲ್ಲ. ನಾಲ್ಕೂ ಬದಿ ಕಾಣುವಷ್ಟು ಹತ್ತಿರ ಇಲ್ಲದಿದ್ದರೆ ಕೀಲಿಕೈಯಿಂದ ಟಾಪ್ ಮುಟ್ಟಬಾರದು. ಮಕ್ಕಳನ್ನು ಕಾರಿನಲ್ಲಿ ಕೂರಿಸಿ ಅಂಗಡಿಗೆ ಹೋಗುವಾಗ ಕೀಲಿಕೈ ಒಳಗೆ ಬಿಡುವಂತಿಲ್ಲ.

ಹೊಸ ಗಾಡಿಯನ್ನು ಕುಂಭಾಶಿಯ ಆನೆಗುಡ್ಡೆ ದೇವಸ್ಥಾನಕ್ಕೆ ಕೊಂಡುಹೋಗಿ ಪೂಜೆ ಮಾಡಿಸುವ ರೂಢಿ ಈ ಭಾಗದಲ್ಲಿದೆ. ಗಟ್ಟಿ ಮಾಡಿನ ಕಾರಿಗೆ ಹೂವಿನ ಹಾರವನ್ನು ಎಲ್ಲಿ ಬೇಕಾದರೂ ಕಟ್ಟಬಹುದು. ಕನ್ವರ್ಟಿಬಲ್‌ಗೆ ಬಾನೆಟ್ಟಿನ ಮೇಲೆ ಮಾತ್ರ ಕಟ್ಟುವುದು ಕ್ಷೇಮ, ಏಕೆಂದರೆ ಟಾಪಿನ ಅಂಚಿಗೋ ಕನ್ನಡಿಗೋ ಬಿಗಿದ ದಾರ ಕೀಲಿನೊಳಗೆ ಸುತ್ತಿಕೊಂಡರೆ ಬಿಡಿಸುವುದು ಮೆಕ್ಯಾನಿಕ್‌ಗೂ ಸುಲಭವಲ್ಲ. ಅರಿಸಿನ, ಕುಂಕುಮ, ಎಣ್ಣೆ ಬಣ್ಣದ ಮೇಲೆ ಬಿದ್ದರೆ ಒರೆಸಿದರೆ ಹೋದೀತು. ಬಟ್ಟೆಯ ಮೇಲೆ ಬಿದ್ದ ಅರಿಸಿನ ಉಳಿಯುತ್ತದೆ. ಬೊಟ್ಟನ್ನು ಲೋಹದ ಮೇಲೆಯೇ ಇಡಲು ಭಟ್ಟರಿಗೆ ಮೊದಲೇ ಹೇಳಿದರೆ ಸಾಕು.

ಚಲಿಸುವಾಗಲೂ ಟಾಪ್ ತೆರೆಯಬಹುದು ಎಂದು ಜಾಹೀರಾತುಗಳು ಹೇಳುತ್ತವೆ. ಅದು ನಿಜ. ಮಿನಿ ಕನ್ವರ್ಟಿಬಲ್‌ನ ಟಾಪ್ 18 ಸೆಕೆಂಡಿನಲ್ಲಿ ಸರಿಯುತ್ತದೆ, ಗಂಟೆಗೆ 30 ಕಿ.ಮೀ. ವೇಗದವರೆಗೆ. ಬಿಎಂಡಬ್ಲ್ಯು ಝಡ್4ಗೆ 10 ಸೆಕೆಂಡು, 50 ಕಿ.ಮೀ. ವೇಗದ ಮಿತಿ. ಮರ್ಸಿಡಿಸ್ ಸಿ-ಕ್ಲಾಸ್ ಕ್ಯಾಬ್ರಿಯೋಲೆಗೆ ಸುಮಾರು 20 ಸೆಕೆಂಡು, ಮಿತಿ 50 ಕಿ.ಮೀ. ಈ ಅಂಕಿಗಳನ್ನು ರಸ್ತೆಯ ಮೇಲೆ ಇಟ್ಟು ನೋಡಬೇಕು. ಗಂಟೆಗೆ 30 ಕಿ.ಮೀ. ವೇಗದಲ್ಲಿ 18 ಸೆಕೆಂಡಿಗೆ ಕಾರು 150 ಮೀಟರ್ ಸಾಗಿರುತ್ತದೆ, 50 ಕಿ.ಮೀ. ವೇಗದಲ್ಲಿ 20 ಸೆಕೆಂಡಿಗೆ 275 ಮೀಟರ್ ದಾಟಿರುತ್ತದೆ. ಅಷ್ಟು ದೂರವೂ ಚಾಲಕನ ಒಂದು ಕೈ ಗುಂಡಿಯ ಮೇಲೆ, ಅರ್ಧ ಗಮನ ನೆತ್ತಿಯ ಮೇಲೆ. ನಡುವೆ ಕೆಲವು ಕ್ಷಣ ಏಳುತ್ತಿರುವ ಬಿಲ್ಲುಗಳು ಹಿಂದಿನ ರಸ್ತೆಯನ್ನೇ ಮರೆಮಾಡುತ್ತವೆ. ಚತುಷ್ಪಥ ಹೆದ್ದಾರಿಯಲ್ಲಿ ಮಳೆ ಬಂತೆಂದು ವೇಗವನ್ನು ಒಮ್ಮೆಗೇ 30ಕ್ಕೆ ಇಳಿಸಿದರೆ, ಹಿಂದೆ 80ರಲ್ಲಿ ಬರುತ್ತಿರುವ ಎಕ್ಸ್‌ಪ್ರೆಸ್ ಬಸ್ಸು ಆ 18 ಸೆಕೆಂಡಿನಲ್ಲಿ 250 ಮೀಟರ್ ಹತ್ತಿರವಾಗುತ್ತದೆ. ಮೊದಲ ಮಳೆಗೆ ನುಣುಪಾದ ರಸ್ತೆ, ವೈಪರ್ ಹಾಕಲು ತಡಮಾಡಿದ ಲಾರಿ ಚಾಲಕ ಇವೂ ಆ ಹೊತ್ತಿಗೇ ಸೇರಿಕೊಳ್ಳುತ್ತವೆ.

ವೇಗದ ಮಿತಿಯಲ್ಲಿ ಗಾಳಿಯ ಲೆಕ್ಕ ಸೇರಿಲ್ಲ. ಸ್ಪೀಡೋಮೀಟರ್ ತೋರಿಸುವುದು ರಸ್ತೆಯ ಮೇಲಿನ ವೇಗವನ್ನು, ಬಟ್ಟೆಗೆ ತಟ್ಟುವುದು ಗಾಳಿಯ ವೇಗ. ಮಳೆಗಾಲದ ಗಾಳಿ ಇಲ್ಲಿ ನೈಋತ್ಯದಿಂದ ಬೀಸುತ್ತದೆ. ಬೈಂದೂರಿನಿಂದ ಕುಂದಾಪುರದ ಕಡೆ ಬರುವ ಕಾರಿಗೆ ಅದು ಬಲ ಮುಂಬದಿಯಿಂದ ಎದುರಾಗುತ್ತದೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ಹೆದ್ದಾರಿ ಇರುವ ಮರವಂತೆಯಲ್ಲಿ ಅದನ್ನು ತಡೆಯಲು ಮರಗಿಡವೂ ಇಲ್ಲ. ಕಾರಿನ ವೇಗ 50, ಎದುರು ಗಾಳಿ 30 ಆದರೆ ಟಾಪಿನ ಮೇಲೆ ಹಾಯುವುದು 80ರ ಗಾಳಿ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುವುದರಿಂದ ಬಟ್ಟೆಗೂ ಬಿಲ್ಲಿಗೂ ಬೀಳುವ ಹೊರೆ ಎರಡೂವರೆ ಪಟ್ಟು. ಅರ್ಧ ಎದ್ದ ಟಾಪ್ ಗಾಳಿಯನ್ನು ತುಂಬಿಕೊಂಡು ಹಿಂದಕ್ಕೆ ಸೆಳೆಯುತ್ತದೆ. ಬಿಲ್ಲು ಬಗ್ಗಿದರೆ ಆಮೇಲೆ ಅದು ಎಂದೂ ಸರಿಯಾಗಿ ಕೂರುವುದಿಲ್ಲ. ಎಲ್ಲಕ್ಕಿಂತ ಸರಳವಾದ ದಾರಿ: ಇಂಡಿಕೇಟರ್ ಹಾಕಿ ಸರ್ವಿಸ್ ರಸ್ತೆಗೋ ಪೆಟ್ರೋಲ್ ಬಂಕಿನ ಅಂಗಳಕ್ಕೋ ಇಳಿದು, ಕಾರು ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು ಟಾಪ್ ಮುಚ್ಚುವುದು. ಅಷ್ಟರಲ್ಲಿ ಸೀಟು ಸ್ವಲ್ಪ ನೆನೆದೀತು. ನೆನೆಯಲಿ.

ಎಂಜಿನ್ ಚಾಲೂ ಇರಬೇಕು ಎನ್ನಲು ಕಾರಣವಿದೆ. ಪಂಪಿನ ಮೋಟಾರು ಎಳೆಯುವ ಕರೆಂಟು ದೊಡ್ಡದು. ಬ್ಯಾಟರಿಯೊಂದನ್ನೇ ನಂಬಿ ತೆರೆಯುವುದು ಮುಚ್ಚುವುದು ಮಾಡಿದರೆ ವೋಲ್ಟೇಜ್ ಕುಸಿದು ಟಾಪ್ ನಡುದಾರಿಯಲ್ಲಿ ನಿಲ್ಲಬಹುದು. ಬಂದ ನೆಂಟರಿಗೆಲ್ಲ ಒಮ್ಮೊಮ್ಮೆ ತೋರಿಸುತ್ತ ಮತ್ತೆ ಮತ್ತೆ ಗುಂಡಿ ಒತ್ತಿದರೆ ಮೋಟಾರು ಬಿಸಿಯಾಗಿ, ರಕ್ಷಣೆಗಾಗಿ ತಾನೇ ಕೆಲಸ ನಿಲ್ಲಿಸುತ್ತದೆ, ಆರುವವರೆಗೆ ಕಾಯಬೇಕು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ಬ್ಯಾಟರಿ ಸಪ್ಪೆಯಾಗಿರುತ್ತದೆ. ಹಬ್ಬಕ್ಕೆ ಬಂದವರು ಅದನ್ನು ಹೊರತೆಗೆದ ಕೂಡಲೇ ಟಾಪಿನ ಮೇಲೆ ಪ್ರಯೋಗ ಮಾಡದೆ ಮೊದಲು ಒಂದಷ್ಟು ದೂರ ಓಡಿಸುವುದು ಒಳ್ಳೆಯದು.

ಟಾಪ್ ಅರ್ಧದಲ್ಲೇ ನಿಂತಾಗ ತಾಳ್ಮೆ ಬೇಕು. ಎಣ್ಣೆಯ ಒತ್ತಡ ಸ್ವಲ್ಪ ಹೊತ್ತು ಅದನ್ನು ಗಾಳಿಯಲ್ಲಿ ಹಿಡಿದಿಡುತ್ತದೆ, ಆದರೆ ಶಾಶ್ವತವಾಗಿ ಅಲ್ಲ. ಒತ್ತಡ ಇಳಿದರೆ ಬಿಲ್ಲುಗಳು ಹೇಳದೆ ಕೇಳದೆ ಕೆಳಗೆ ಕುಸಿಯಬಹುದು. ಆದ್ದರಿಂದ ನಿಂತ ಟಾಪಿನ ಕೆಳಗೆ ತಲೆ, ಕೈ ಹಾಕಿ ನೋಡುವಂತಿಲ್ಲ. ಒಳಗಿದ್ದವರು ಇಳಿಯಬೇಕು. ಆಮೇಲೆ ಸಾವಧಾನವಾಗಿ ಡಿಕ್ಕಿಯ ಪರದೆ, ಡಿಕ್ಕಿಯ ಮುಚ್ಚಳ, ಬಾಗಿಲು, ಕಿಟಕಿ ಗಾಜು ಎಲ್ಲ ಇರಬೇಕಾದ ಹಾಗೆ ಇವೆಯೇ ಎಂದು ನೋಡಿ, ಗುಂಡಿಯನ್ನು ಇನ್ನೊಮ್ಮೆ ಒತ್ತಿ ಹಿಡಿಯಬೇಕು. ಮುಂದೆ ಹೋಗದಿದ್ದರೆ ಕೆಲವೊಮ್ಮೆ ಹಿಂದೆ ಹೋಗುತ್ತದೆ. ಪೂರ್ತಿ ಹಿಂದಕ್ಕೆ ಕಳಿಸಿ ಮತ್ತೆ ಮೊದಲಿನಿಂದ ಶುರುಮಾಡುವುದು ಅನೇಕ ಬಾರಿ ಫಲ ಕೊಡುತ್ತದೆ. ಅದಕ್ಕೂ ಬಗ್ಗದಿದ್ದರೆ ತುರ್ತು ಕ್ರಮವೊಂದಿದೆ. ಪ್ರತಿ ಮಾದರಿಗೂ ಅದು ಬೇರೆ, ಕೈಪಿಡಿಯಲ್ಲಿ ಚಿತ್ರಸಹಿತ ಇರುತ್ತದೆ, ಬೇಕಾದ ಸಲಕರಣೆ ಕಾರಿನ ಟೂಲ್‌ಕಿಟ್‌ನಲ್ಲೇ ಇರುವುದೂ ಉಂಟು. ಹೆಚ್ಚಿನವುಗಳಿಗೆ ಇಬ್ಬರು ಬೇಕು, ಬಿಲ್ಲಿನ ಎರಡು ಬದಿಗೆ ಒಬ್ಬೊಬ್ಬರು. ಒಬ್ಬರೇ ಒಂದು ಬದಿಯಿಂದ ಎಳೆದರೆ ಚೌಕಟ್ಟು ಓರೆಯಾಗುತ್ತದೆ. ಎಣ್ಣೆಯ ಪೈಪನ್ನು ಸಡಿಲಿಸಿ ಒತ್ತಡ ಬಿಡುವುದು ರಸ್ತೆ ಬದಿಯ ಗ್ಯಾರೇಜಿನವರಿಗೆ ತೋಚುವ ಉಪಾಯ. ಅದನ್ನು ಮಾಡಗೊಡಬಾರದು, ಒತ್ತಡದ ಎಣ್ಣೆ ಚಿಮ್ಮುತ್ತದೆ, ಟಾಪ್ ಬೀಳುತ್ತದೆ. ಈ ಬಗೆಯ ಕಾರುಗಳ ವರ್ಕ್‌ಶಾಪ್ ಬೇಕೆಂದರೆ ತೆಕ್ಕಟ್ಟೆಯಿಂದ ಮಂಗಳೂರಿನ ಕಡೆ ನೋಡಬೇಕು, 80 ಕಿ.ಮೀ.ಗೂ ಹೆಚ್ಚು. ಕೈಪಿಡಿಯ ಆ ಪುಟವನ್ನು ಮಳೆಯಿಲ್ಲದ ದಿನ ಮನೆಯಲ್ಲೇ ಒಮ್ಮೆ ಓದಿಟ್ಟುಕೊಳ್ಳುವುದು ಜಾಣತನ. ಅರ್ಧ ತೆರೆದ ಟಾಪಿನೊಂದಿಗೆ ಕಾರು ಓಡಿಸುವುದಂತೂ ಕೂಡದು, ಮನೆ ಎಷ್ಟೇ ಹತ್ತಿರವಿರಲಿ.

ಟಾಪ್ ತೆರೆದು ಹೋಗುವಾಗಿನ ಎಚ್ಚರ ಹೆಚ್ಚಾಗಿ ಕೂತವರದು. ಗಟ್ಟಿ ಮಾಡಿಲ್ಲದ ಕಾರು ಮಗುಚಿದರೆ ತಲೆ ಕಾಯುವುದು ಮುಂದಿನ ಗಾಜಿನ ಬಲವಾದ ಚೌಕಟ್ಟು ಮತ್ತು ಸೀಟಿನ ಹಿಂದಿನ ಉಕ್ಕಿನ ಕಮಾನು. ಅನೇಕ ಕಾರುಗಳಲ್ಲಿ ಆ ಕಮಾನು ಅಡಗಿದ್ದು, ಕಾರು ಮಗುಚುವ ಸೂಚನೆ ಸಿಕ್ಕಿದ ಕ್ಷಣದಲ್ಲಿ ಥಟ್ಟನೆ ಮೇಲೇಳುತ್ತದೆ. ಅದರ ಮೇಲೆ ಶಾಲು ಹೊದೆಸುವುದು, ಚೀಲ ಇಡುವುದು, ಕೈ ಊರಿ ಕೂರುವುದು ಸಲ್ಲದು. ಬೆಲ್ಟ್ ಹಾಕದವರಿಗೆ ಆ ಕಮಾನಿನಿಂದ ಏನೂ ಪ್ರಯೋಜನವಿಲ್ಲ. ಅವರು ಕಾರಿನ ಹೊರಗೆ ಬಿದ್ದಿರುತ್ತಾರೆ. ಸೀರೆಯ ಸೆರಗು, ದುಪಟ್ಟಾ ಗಾಳಿಗೆ ಹಾರಬಾರದು. ಹೆಸರಾಂತ ನರ್ತಕಿ ಇಸಡೋರಾ ಡಂಕನ್ 1927ರ ಸೆಪ್ಟೆಂಬರ್ 14ರಂದು ಫ್ರಾನ್ಸಿನ ನೀಸ್‌ನಲ್ಲಿ ತೆರೆದ ಕಾರಿನಲ್ಲಿ ಹೋಗುತ್ತಿದ್ದಾಗ ಕೊರಳಿನ ಉದ್ದನೆಯ ಶಾಲು ಚಕ್ರಕ್ಕೆ ಸುತ್ತಿಕೊಂಡು ಸತ್ತಳು. ಈಗಿನ ಕಾರುಗಳ ಚಕ್ರ ಮರೆಯಲ್ಲಿದೆ ನಿಜ, ಆದರೆ ಪಕ್ಕದಲ್ಲಿ ಹಾಯುವ ಬೈಕಿನ ಹ್ಯಾಂಡಲ್ ಮರೆಯಲ್ಲಿಲ್ಲ.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ ಸೀಟ್ ಬೆಲ್ಟ್ ಇಲ್ಲದೆ ಓಡಿಸಿದರೆ, ಬೆಲ್ಟ್ ಹಾಕದ ಪ್ರಯಾಣಿಕರನ್ನು ಕರೆದೊಯ್ದರೆ 1,000 ರೂಪಾಯಿ ದಂಡ. ಮಾಡು ತೆರೆದಿದೆ ಎಂದು ವಿನಾಯಿತಿಯಿಲ್ಲ. 123ನೇ ಸೆಕ್ಷನ್ ವಾಹನದ ಬಾನೆಟ್ಟಿನ ಮೇಲೆ, ನೆತ್ತಿಯ ಮೇಲೆ, ಪಕ್ಕದ ಹಲಗೆಯ ಮೇಲೆ ಪ್ರಯಾಣಿಸುವುದನ್ನು ನಿಷೇಧಿಸುತ್ತದೆ. ಮದುವೆ ದಿಬ್ಬಣದಲ್ಲಿ ಮಡಚಿದ ಟಾಪಿನ ಮುಚ್ಚಳದ ಮೇಲೆ ವಧೂವರರನ್ನು ಕೂರಿಸುವ ಹೊಸ ಚಾಳಿಗೆ ಅಡ್ಡಿ ಕಾನೂನು ಮಾತ್ರವಲ್ಲ. ಆ ಮುಚ್ಚಳ ಕೂರುವುದಕ್ಕೆಂದು ಮಾಡಿದ್ದಲ್ಲ, ಭಾರಕ್ಕೆ ಬಗ್ಗಿದರೆ ಕೆಳಗಿನ ಟಾಪ್ ಮತ್ತೆ ಮೇಲೆ ಬಾರದು. ಗಟ್ಟಿ ಮಾಡಿನ ಕಾರನ್ನು ಕತ್ತರಿಸಿ ತೆರೆದ ಕಾರು ಮಾಡಿಸುವವರೂ ಇದ್ದಾರೆ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮಾಡು ಕತ್ತರಿಸಿದ ಕಾರಿನ ಒಡಲು ಅರ್ಧ ಬಲ ಕಳೆದುಕೊಂಡ ಪೆಟ್ಟಿಗೆ. ಕನ್ವರ್ಟಿಬಲ್ ಆಗಿಯೇ ಹುಟ್ಟಿದ ಕಾರಿನ ತಳಕ್ಕೆ ಕೊಡುವ ಹೆಚ್ಚುವರಿ ಉಕ್ಕು ಅದಕ್ಕಿರುವುದಿಲ್ಲ.

ಥಾರ್, ಜೀಪುಗಳ ಕೈ ಟಾಪಿಗೆ ಪಂಪಿನ ಭಯವಿಲ್ಲ, ಆದರೆ ಬೆರಳು ಸಿಕ್ಕಿಕೊಳ್ಳುವ ಕೀಲುಗಳಿವೆ. ಅಲ್ಲಿ ಹೆಚ್ಚು ತೊಂದರೆ ಅರೆಬರೆ ಕಟ್ಟಿದ ಹೊದಿಕೆಯದು. ಜಿಪ್ ಎಳೆಯದೆ, ಪಟ್ಟಿ ಬಿಗಿಯದೆ ಹೊರಟರೆ ವೇಗಕ್ಕೆ ಬಟ್ಟೆ ಬಡಿದಾಡಿ ಹರಿಯುತ್ತದೆ, ಕೆಲವೊಮ್ಮೆ ಕಿತ್ತು ಹಿಂದಿನ ಬೈಕಿನವರ ಮುಖಕ್ಕೆ ಬೀಳುತ್ತದೆ. ಹಿಂಬದಿಯ ಪರದೆ ಮಾತ್ರ ಎತ್ತಿ, ಉಳಿದದ್ದು ಮುಚ್ಚಿ ಓಡಿಸಿದರೆ ಸೈಲೆನ್ಸರಿನ ಹೊಗೆ ಒಳಗೆ ಸುಳಿಯುತ್ತದೆ.

ಕರಾವಳಿಯಲ್ಲಿ ಟಾಪಿನ ದೊಡ್ಡ ಶತ್ರು ಮಳೆಯಲ್ಲ, ಮಳೆ ನಿಂತ ಮೇಲಿನ ಒದ್ದೆ. ನೀರು ತಡೆಯಲೆಂದೇ ಮಾಡಿದ ಬಟ್ಟೆ ನೆನೆದರೆ ಏನೂ ಆಗುವುದಿಲ್ಲ. ನೆನೆದದ್ದನ್ನು ಮಡಚಿ ಗೂಡಿಗೆ ತುರುಕಿ ಎರಡು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಕಪ್ಪು ಕಲೆ ನಿಲ್ಲುತ್ತದೆ, ಬಿಲ್ಲಿನ ಕೀಲಿಗೆ ತುಕ್ಕು ಏರುತ್ತದೆ. ಅನಿವಾರ್ಯವಾಗಿ ಒದ್ದೆ ಟಾಪ್ ಮಡಚಬೇಕಾದರೆ ಮನೆಗೆ ಬಂದ ಕೂಡಲೇ ಶೆಡ್ಡಿನಲ್ಲಿ ಬಿಚ್ಚಿ, ಗಾಳಿಗೆ ಆರಲು ಬಿಡಬೇಕು. ಕಡಲ ಗಾಳಿಯ ಉಪ್ಪು ಬಟ್ಟೆಯ ನೇಯ್ಗೆಯಲ್ಲೂ ಕೀಲಿನಲ್ಲೂ ಕೂರುತ್ತದೆ. ಆಗಾಗ ಸಿಹಿನೀರಿನಲ್ಲಿ ತೊಳೆಯುವುದೊಂದೇ ಮದ್ದು. ತೊಳೆಯುವಾಗ ಮೆತ್ತನೆ ಬ್ರಷ್ಷು, ಸೌಮ್ಯವಾದ ಸೋಪು ಸಾಕು. ಸರ್ವಿಸ್ ಸ್ಟೇಷನ್ನಿನ ಜೋರಿನ ನೀರಿನ ಪೈಪನ್ನು ಟಾಪಿನ ಹೊಲಿಗೆಗೂ ರಬ್ಬರ್ ಅಂಚಿಗೂ ಹತ್ತಿರ ಹಿಡಿದರೆ ನೀರು ಒಳಗೆ ನುಗ್ಗುತ್ತದೆ. ಕಾಗೆಯ ಹಿಕ್ಕೆ ಒಣಗುವ ಮೊದಲೇ ನೆನೆಸಿ ತೆಗೆಯಬೇಕು. ರಬ್ಬರ್ ಪಟ್ಟಿ ಕಿರಿಚಿದರೆ ಮನೆಯಲ್ಲಿರುವ ಕೊಬ್ಬರಿ ಎಣ್ಣೆ, ಗ್ಯಾರೇಜಿನ ಗ್ರೀಸು, ಡೀಸೆಲ್ ಹಚ್ಚುವವರಿದ್ದಾರೆ. ಎಣ್ಣೆಗೆ ಆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಕೊಂಡಿ ಕಚ್ಚುವ ಅಳತೆಯೇ ತಪ್ಪುತ್ತದೆ. ಅದಕ್ಕೆಂದೇ ಸಿಗುವ ಸಿಲಿಕೋನ್ ಬಗೆಯ ಲೇಪ ಮಾತ್ರ ಸರಿ.

ಟಾಪಿನ ಸುತ್ತ ಬೀಳುವ ನೀರು ಮರೆಯ ಕಾಲುವೆಗಳಲ್ಲಿ ಹರಿದು ಸಣ್ಣ ಪೈಪುಗಳ ಮೂಲಕ ಕಾರಿನ ಅಡಿಯಿಂದ ಹೊರಬೀಳುತ್ತದೆ. ಗೇರು, ಹಲಸಿನ ಎಲೆ, ಹೂವಿನ ಎಸಳು, ಧೂಳು ಸೇರಿ ಆ ಪೈಪು ಕಟ್ಟಿದರೆ ನೀರು ಹಿಂದಕ್ಕೆ ತಿರುಗಿ ಡಿಕ್ಕಿಯೊಳಗೆ ಅಥವಾ ಸೀಟಿನಡಿಗೆ ಇಳಿಯುತ್ತದೆ. ಟಾಪಿನ ಪಂಪು, ಅದರ ಕಂಟ್ರೋಲ್ ಯೂನಿಟ್ಟು ಅಲ್ಲೇ ಕೂತಿರುವ ಕಾರುಗಳಲ್ಲಿ ಒಂದು ಮಳೆಗಾಲ ಸಾಕು, ದುಬಾರಿ ರಿಪೇರಿ ಬರಲು. ಮೇ ಕೊನೆಯಲ್ಲಿ, ಮುಂಗಾರು ಕಾಲಿಡುವ ಮೊದಲು, ಟಾಪನ್ನು ಅರ್ಧ ಎತ್ತಿ ನಿಲ್ಲಿಸದೆ ಪೂರ್ತಿ ಮುಚ್ಚಿ, ಕೈಪಿಡಿ ತೋರಿಸುವ ಜಾಗದಲ್ಲಿ ಒಂದು ಚೊಂಬು ನೀರು ಹೊಯ್ದು ಕಾರಿನಡಿಯಿಂದ ಅದು ಇಳಿಯುತ್ತದೆಯೇ ಎಂದು ನೋಡಬಹುದು. ಇಳಿಯದಿದ್ದರೆ ತಂತಿ ತುರುಕದೆ ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಬೇಕು; ತಂತಿ ಪೈಪನ್ನು ತೂತು ಮಾಡುತ್ತದೆ. ಮಳೆಗಾಲವಿಡೀ ಟಾಪ್ ತೆರೆಯುವ ಸಂದರ್ಭ ಬಾರದಿದ್ದರೂ, ಬಿಸಿಲು ಬಿದ್ದ ದಿನ ತಿಂಗಳಿಗೊಮ್ಮೆಯಾದರೂ ಪೂರ್ತಿ ತೆರೆದು ಮುಚ್ಚಿದರೆ ಕೀಲು ಬಿಗಿಯುವುದಿಲ್ಲ, ಪಂಪಿನ ಸೀಲುಗಳೂ ಒಣಗುವುದಿಲ್ಲ.

ಹಳೆಯ ಕನ್ವರ್ಟಿಬಲ್ ಕೊಳ್ಳುವವರು ಎಂಜಿನ್ನಿಗಿಂತ ಮೊದಲು ಟಾಪನ್ನು ನೋಡುವುದು ಒಳಿತು. ಟಾಪನ್ನು ಎರಡು ಬಾರಿ ಪೂರ್ತಿ ತೆರೆದು ಮುಚ್ಚಿಸಬೇಕು. ಒಮ್ಮೆ ಬಿಸಿಯಿಲ್ಲದಾಗ, ಇನ್ನೊಮ್ಮೆ ಕಾರು ಓಡಿದ ಮೇಲೆ. ಒಂದು ಬದಿ ಇನ್ನೊಂದಕ್ಕಿಂತ ತಡವಾಗಿ ಏಳುತ್ತಿದ್ದರೆ ಆ ಬದಿಯ ಸಿಲಿಂಡರ್ ಸೋರುತ್ತಿರಬಹುದು. ಟಾಪ್ ಕೂತ ಮೇಲೆ ಚೌಕಟ್ಟಿನ ಬಳಿ ಬೆಳಕು ಕಾಣುತ್ತಿದ್ದರೆ ಬಿಲ್ಲು ಎಂದೋ ಬಗ್ಗಿರಬಹುದು. ಹಿಂದಿನ ಸೀಟಿನ ಅಸ್ತರಿಯ ಮೇಲೆ ಎಣ್ಣೆಯ ಕಲೆ ಇದೆಯೇ, ತುರ್ತು ಸಲಕರಣೆ ಟೂಲ್‌ಕಿಟ್‌ನಲ್ಲಿ ಉಳಿದಿದೆಯೇ ಎಂದು ನೋಡಬೇಕು. ಕೊನೆಗೆ ಡಿಕ್ಕಿಯ ಕಾರ್ಪೆಟ್ ಎತ್ತಿ ಕೆಳಗಿನ ತಗಡನ್ನು ಕೈಯಿಂದ ಮುಟ್ಟಿ ನೋಡಬೇಕು. ಅಲ್ಲಿ ಒದ್ದೆಯಿದ್ದರೆ, ಬೂಷ್ಟಿನ ವಾಸನೆ ಬಂದರೆ, ನೀರಿನ ಪೈಪು ಕಟ್ಟಿ ಬಹಳ ದಿನವಾಗಿದೆ ಎಂದೇ ತಿಳಿದು ಬೆಲೆಯ ಮಾತು ಶುರುಮಾಡಬೇಕು.